ತೆಳು ಗಾಳಿಯ ದಪ್ಪ ಕಿಡಿ

ಹಳೆಯ ಪೆಟ್ರೋಲ್ ಗಾಡಿಯ ಕಾಯಿಲ್ ಸರಿಯಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಒಂದೇ ಶಾಸ್ತ್ರ. ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ವೈರನ್ನು ಕಿತ್ತು, ಇಂಜಿನ್ನಿನ ಮೈಯಿಂದ ಕಡಲೆಕಾಳಿನಷ್ಟು ದೂರ ಹಿಡಿದು, ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟನ್ನು ಸ್ಕ್ರೂಡ್ರೈವರಿನ ತುದಿಯಿಂದ ಮಿಡಿಯುವುದು. ಚಟ್ಟನೆ ನೀಲಿ ಕಿಡಿ ಹಾರಿದರೆ ಕಾಯಿಲ್ ಗಟ್ಟಿ. ಕೆಂಪಗೆ, ದಾರದ ಎಳೆಯಂತೆ ಬಂದರೆ ‘ಕಾಯಿಲ್ ವೀಕು’. ಅಂಬಾಸಡರ್, ಫಿಯೆಟ್, ಪೆಟ್ರೋಲ್ ಜೀಪು ಎಲ್ಲಕ್ಕೂ ತಲೆಮಾರುಗಳಿಂದ ಇದೇ ತೀರ್ಪು. ಈ ಶಾಸ್ತ್ರ ಮೈಸೂರಿನಲ್ಲಿ ಅರ್ಧ ಸತ್ಯ ಹೇಳುತ್ತದೆ. ಉದಕಮಂಡಲದಲ್ಲಿ ಅಷ್ಟನ್ನೂ ಹೇಳುವುದಿಲ್ಲ. ಅದಕ್ಕಿಂತ ಶ್ರೇಷ್ಠವೆಂದು ಹಳೆ ಗಾಡಿಗಳ ಹುಚ್ಚಿನವರು ದುಡ್ಡು ಸುರಿದು ತರಿಸುವ, ಗಾಜಿನ ಕಿಟಕಿ ಮತ್ತು ನಡುಗುವ ಮುಳ್ಳಿನ ‘ಕಾಯಿಲ್ ಟೆಸ್ಟರ್’ ಡಬ್ಬಿಗಳೂ ನೀಲಗಿರಿಯ ಮೇಲೆ ಬಹುಮಟ್ಟಿಗೆ ಅದೇ ತಪ್ಪು ಮಾಡುತ್ತವೆ. ಆ ಬೆಟ್ಟಗಳಿಗೆ ತಕ್ಕ ಪರೀಕ್ಷೆಯ ಯಂತ್ರ ಬೇರೊಂದಿದೆ. ಅದನ್ನು ಕಾಯಿಲ್ ಪರೀಕ್ಷಿಸಲೆಂದು ಯಾರೂ ಮಾಡಲಿಲ್ಲ ಎಂಬುದು ತಮಾಷೆಯ ಸಂಗತಿ.

ಮೊದಲು ಕಾಯಿಲಿನ ಕೆಲಸವೇನೆಂದು ನೋಡೋಣ. ಒಂದು ಕಬ್ಬಿಣದ ದಿಂಡಿನ ಸುತ್ತ ದಪ್ಪ ತಂತಿಯ ಇನ್ನೂರು ಮುನ್ನೂರು ಸುತ್ತು, ಜೊತೆಗೆ ಕೂದಲೆಳೆಯಂಥ ತಂತಿಯ ಇಪ್ಪತ್ತು ಸಾವಿರದ ಆಸುಪಾಸಿನ ಸುತ್ತು. ಪಾಯಿಂಟು ಕೂಡಿದಾಗ ಬ್ಯಾಟರಿಯ ಕರೆಂಟು ದಪ್ಪ ತಂತಿಯಲ್ಲಿ ಹರಿದು ದಿಂಡಿನಲ್ಲಿ ಕಾಂತಶಕ್ತಿ ತುಂಬುತ್ತದೆ. ಪಾಯಿಂಟು ಬಿಟ್ಟ ಕ್ಷಣ ಆ ಶಕ್ತಿ ಕುಸಿದು, ಸಣ್ಣ ತಂತಿಯ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟು ಏಳುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಈ ಏರ್ಪಾಟು ಎಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಚ್ಚೇನೂ ಬದಲಾಗದೆ ನಡೆಯಿತು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೇ ಕಾಯಿಲ್ ಸೆಕೆಂಡಿಗೆ 100 ಕಿಡಿ ಕೊಡಬೇಕು. ಅದೂ ಬಯಲ ಗಾಳಿಯಲ್ಲಲ್ಲ. ಹಲವು ಪಟ್ಟು ಒತ್ತಿಹೋದ ಪೆಟ್ರೋಲ್-ಗಾಳಿಯೊಳಗೆ, ಗಂಟೆಗಟ್ಟಲೆ, ಬಿಸಿ ಇಂಜಿನ್ನಿನ ಪಕ್ಕದಲ್ಲಿ ಕುಳಿತು. ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ನಾವು ಅದಕ್ಕೆ ಕೇಳುವುದು ತಣ್ಣಗಿರುವಾಗ, ಬಯಲ ಗಾಳಿಯಲ್ಲಿ, ಸೆಕೆಂಡಿಗೊಂದು ಕಿಡಿ. ಪೈಲ್ವಾನನನ್ನು ಅಖಾಡಕ್ಕಿಳಿಸದೆ ಕೈಕುಲುಕಿ ಅವನ ಬಲ ಅಳೆದಂತೆ ಇದು.

ನೀಲಗಿರಿಯಲ್ಲಿ ಈ ಕೈಕುಲುಕುವಿಕೆಗೂ ಮೋಸ ಬೆರೆಯುತ್ತದೆ. ಕಿಡಿ ಹಾರಬೇಕಾದರೆ ನಡುವಿನ ಗಾಳಿಯ ತಡೆ ಮುರಿಯಬೇಕು. ಗಾಳಿ ದಟ್ಟವಾಗಿದ್ದಷ್ಟೂ ತಡೆ ಹೆಚ್ಚು. ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಕಡಲತೀರದ ಒತ್ತಡದ ಮುಕ್ಕಾಲಿಗೆ ತುಸು ಹೆಚ್ಚು, ಅಷ್ಟೆ. ಊಟಿಯ ಚಳಿ ಗಾಳಿಯನ್ನು ಕೊಂಚ ದಟ್ಟವಾಗಿಸಿ ಒಂದಿಷ್ಟು ಸರಿದೂಗಿಸುತ್ತದೆ, ನಿಜ. ಆ ಲೆಕ್ಕ ಬಿಟ್ಟುಕೊಟ್ಟ ಮೇಲೂ, ಕಡಲತೀರದಲ್ಲಿ ಒಂದು ಸಂದನ್ನು ಹಾರಲು ಬೇಕಾದ ವೋಲ್ಟೇಜಿನಲ್ಲಿ ಸುಮಾರು ಐದನೇ ಒಂದು ಭಾಗ ಕಡಿಮೆಯಿದ್ದರೂ ಊಟಿಯಲ್ಲಿ ಅದೇ ಸಂದನ್ನು ಕಿಡಿ ದಾಟುತ್ತದೆ. ಅಂದರೆ ಚೆನ್ನೈಯಲ್ಲೋ ಮಂಗಳೂರಿನಲ್ಲೋ ಎಡವುವ ಮುದಿ ಕಾಯಿಲ್ ಊಟಿಯ ಗ್ಯಾರೇಜಿನಲ್ಲಿ ಯೌವನ ಬಂದಂತೆ ಜಿಗಿಯುತ್ತದೆ. ಮೆಕ್ಯಾನಿಕ್ಕಿನ ಕಣ್ಣು ಸುಳ್ಳು ಹೇಳುತ್ತಿಲ್ಲ. ಆತನ ಕಣ್ಣೆದುರಿನ ಗಾಳಿಯೇ ಹೇಳುತ್ತಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಊಟಿಯಲ್ಲಿ ಇಂಜಿನ್ನೂ ಅದೇ ತೆಳು ಗಾಳಿಯನ್ನೇ ತಾನೆ ಎಳೆದುಕೊಳ್ಳುವುದು? ಸಿಲಿಂಡರಿನೊಳಗಿನ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆ, ಪ್ಲಗ್ಗಿಗೆ ಬೇಕಾದ ವೋಲ್ಟೇಜೂ ಇಳಿದಿರುತ್ತದೆ. ಹಾಗಾದರೆ ಊಟಿಯ ಪರೀಕ್ಷೆ ಊಟಿಯ ಇಂಜಿನ್ನಿಗೆ ನ್ಯಾಯವೇ ಆಯಿತಲ್ಲ! ಗಾಡಿ ಚೇರಿಂಗ್ ಕ್ರಾಸಿನಿಂದ ಕೆರೆಯವರೆಗೆ ಮಾತ್ರ ಓಡಾಡಿಕೊಂಡಿದ್ದರೆ ಈ ವಾದ ಪೂರಾ ಸರಿ. ಆದರೆ ನೀಲಗಿರಿಯಲ್ಲಿ ಗಾಡಿ ಇಳಿಯಲೇಬೇಕು. ಕಲ್ಲಟ್ಟಿಯ 36 ತಿರುವಿನ ಘಾಟಿ ಮಸಿನಗುಡಿಯ ಕಡೆಗೆ ಬೀಳುತ್ತದೆ, ಅಲ್ಲಿನ ಎತ್ತರ ಸಾವಿರ ಮೀಟರಿನ ಆಸುಪಾಸು; ಗೂಡಲೂರೂ ಹೆಚ್ಚುಕಡಿಮೆ ಅಷ್ಟೇ; ಕುನ್ನೂರಿನ ಘಾಟಿ ಇಳಿದರೆ ಮೇಟ್ಟುಪಾಳ್ಯ ಬರೀ 325 ಮೀಟರ್. ವಾಪಸು ಹತ್ತುವಾಗ ಏನಾಗುತ್ತದೆ? ಕಲ್ಲಟ್ಟಿಯ ಬುಡದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಒಳಗೆಳೆಯುವ ಗಾಳಿ ಊಟಿಯಲ್ಲಿ ಸಿಗುವುದಕ್ಕಿಂತ ಆರನೇ ಒಂದು ಭಾಗದಷ್ಟು ಹೆಚ್ಚು ಒತ್ತಡದ್ದು. ಮೇಟ್ಟುಪಾಳ್ಯದಲ್ಲಾದರೆ ಕಾಲುಭಾಗ ಹೆಚ್ಚು. ಪ್ಲಗ್ಗು ಅತಿ ಹೆಚ್ಚು ವೋಲ್ಟೇಜು ಬೇಡುವುದು ಹೀಗೆ ಪೂರ್ತಿ ಒತ್ತಿ, ಭಾರ ಹೊತ್ತು, ನಿಧಾನವಾಗಿ ಏರುವ ಹೊತ್ತಿನಲ್ಲೇ. ಪರೀಕ್ಷೆ ನಡೆದದ್ದು ಬೆಟ್ಟದ ನೆತ್ತಿಯಲ್ಲಿ, ಪಂದ್ಯ ನಡೆಯುವುದು ಬುಡದಲ್ಲಿ.

ಎತ್ತರದ ಜೊತೆಗೆ ಕಾವನ್ನೂ ಸೇರಿಸಿಕೊಳ್ಳಿ. 20 ಡಿಗ್ರಿಯಲ್ಲಿ 3.2 ಓಮ್ ತೋರಿಸುವ 12 ವೋಲ್ಟಿನ ಕಾಯಿಲ್ 80 ಡಿಗ್ರಿಗೆ ಏರಿದಾಗ ಸುಮಾರು 4 ಓಮ್ ಆಗುತ್ತದೆ, ಏಕೆಂದರೆ ತಾಮ್ರದ ಸ್ವಭಾವವೇ ಅದು. ಕರೆಂಟು 3.75 ಆಂಪಿಯರಿನಿಂದ 3ಕ್ಕೆ ಇಳಿಯುತ್ತದೆ. ದಿಂಡಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗವನ್ನು ಅನುಸರಿಸುವುದರಿಂದ ಮೂರನೇ ಒಂದು ಭಾಗ ಅಲ್ಲಿಗೇ ಸೋರಿತು. ಒಳಗಿನ ಎನಾಮಲ್, ಕಾಗದ, ಎಣ್ಣೆ ಹಳತಾಗಿದ್ದರೆ ಕಾವಿನಲ್ಲಿ ನಿರೋಧವೂ ಕೈಕೊಡುತ್ತದೆ. ಘಾಟಿಯ ಮಧ್ಯೆ ಗಾಡಿ ನಿಲ್ಲುತ್ತದೆ, ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಇದೇ ಲಕ್ಷಣ ಇಂಜಿನ್ನಿನ ಪೆಟ್ರೋಲ್ ಪಂಪಿನಲ್ಲಿ ಆವಿ ಕಟ್ಟಿಕೊಂಡಾಗಲೂ ಕಾಣುತ್ತದೆ. ಅಂಬಾಸಡರ್ ಕಾಲದ ಚಾಲಕರೆಲ್ಲ ಬಲ್ಲ ಮದ್ದು, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು. ಬಟ್ಟೆ ಸುತ್ತಿ ಕಾಯುವಷ್ಟರಲ್ಲಿ ಕಾಯಿಲೂ ಆರಿರುತ್ತದೆ. ಗಾಡಿ ಹೊರಟರೆ ಪುಣ್ಯ ಬಟ್ಟೆಗೆ. ಕಾಯಿಲಿನ ರೋಗ ಹೀಗೆ ವರ್ಷಗಟ್ಟಲೆ ಪಂಪಿನ ಲೆಕ್ಕದಲ್ಲಿ ಜಮಾ ಆಗುತ್ತ ಹೋಗುತ್ತದೆ. ಎರಡನ್ನೂ ಬೇರ್ಪಡಿಸಬಲ್ಲದ್ದು ಗಾಡಿ ನಿಂತ ಕ್ಷಣದಲ್ಲೇ, ಬಿಸಿಯಿರುವಾಗಲೇ ಮಾಡಿದ ಕಿಡಿಯ ಪರೀಕ್ಷೆ ಮಾತ್ರ. ಮುದುಮಲೆ, ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದೇ ಸಲ್ಲದು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದೊಳಗೆ ಸಾಮಾನ್ಯ ಗಾಡಿಗಳ ಸಂಚಾರವೇ ಇಲ್ಲ. ಅಂಥ ದಾರಿಯಲ್ಲಿ ಬಾನೆಟ್ ಎತ್ತಿ ಪರೀಕ್ಷೆ ನಡೆಸುವ ಸಲಹೆಯನ್ನು ಯಾರೂ ಕೊಡಲಾರರು. ಆದ್ದರಿಂದ ಬಿಸಿ ಪರೀಕ್ಷೆ ಗ್ಯಾರೇಜಿನಲ್ಲೇ ಆಗಬೇಕು.

ಹಳೆಯ ಯಂತ್ರಗಳು ಈ ಬೇಡಿಕೆಯನ್ನು ಎಷ್ಟು ಪೂರೈಸುತ್ತವೆ? ಮೊದಲು ಡಬ್ಬಿಯನ್ನು ಗುರುತಿಸಬೇಕು, ಏಕೆಂದರೆ ಗುಜರಿಯವರ ಬಾಯಲ್ಲಿ ಮುಳ್ಳಿರುವ ಪೆಟ್ಟಿಗೆಯೆಲ್ಲ ಕಾಯಿಲ್ ಟೆಸ್ಟರೇ. ಆರ್ಮೆಚರ್ ನೋಡುವ ಗ್ರೌಲರನ್ನೂ ಡ್ವೆಲ್ ಮೀಟರನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ಬಣ್ಣ, ಕ್ರೋಮು, ಕಂಪನಿಯ ಪಟ್ಟಿಯನ್ನು ಆಮೇಲೆ ನೋಡಿದರಾಯಿತು. ಮೊದಲು ನೋಡಬೇಕಾದ್ದು ಅದು ಕರೆಂಟು ಎಲ್ಲಿಂದ ತೆಗೆದುಕೊಳ್ಳುತ್ತದೆ, ಕಾಯಿಲಿಗೆ ಏನು ಮಾಡುತ್ತದೆ ಎಂಬುದನ್ನು. ಬ್ಯಾಟರಿಗೆ ಕಚ್ಚಿಸುವ ಎರಡು ಹಲ್ಲು ಮತ್ತು 6-12 ವೋಲ್ಟಿನ ಸ್ವಿಚ್ ಇದ್ದರೆ ಅದು ಕಾಯಿಲನ್ನು ದುಡಿಸಿ ನೋಡುವ ಜಾತಿ. ಮುಳ್ಳಿನ ಹಿಂದೆ ಮೈಕ್ರೋಫ್ಯಾರಡ್, ಲೀಕೇಜ್ ಎಂಬ ಅಂಕಗಳಿದ್ದರೆ ಪಾಯಿಂಟಿನ ಜೊತೆಗಿರುವ ಕಂಡೆನ್ಸರನ್ನೂ ಬೇರೆಯಾಗಿ ಅಳೆಯುತ್ತದೆ. ಈ ಗುಣವನ್ನು ನಾನು ಬಹಳ ಮೇಲಿಡುತ್ತೇನೆ, ಏಕೆಂದರೆ ಕಾಯಿಲಿನ ತಲೆಗೆ ಕಟ್ಟುವ ಆರೋಪಗಳಲ್ಲಿ ಎಷ್ಟೋ ಪಾಲು 0.2 ಮೈಕ್ರೋಫ್ಯಾರಡಿನ ಆ ಸಣ್ಣ ಡಬ್ಬಿಗೆ ಸೇರಬೇಕಾದದ್ದು. ಟಿ.ವಿ.ಯಂಥ ಪರದೆಯಿದ್ದರೆ ಅದು ಷಿಕಾಗೊದ ಸನ್ ಕಂಪನಿಯೋ ಬ್ರಿಟನ್ನಿನ ಕ್ರಿಪ್ಟನ್ನೋ ಮಾಡಿದ ಇಂಜಿನ್ ಅನಲೈಜರ್. ಅದು ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗು ಬೇಡುವ ವೋಲ್ಟೇಜನ್ನು ಗೆರೆಯಾಗಿ ಬರೆದು ತೋರಿಸುವುದರಿಂದ ಎತ್ತರದ ಮೋಸ ಅದಕ್ಕೆ ತಟ್ಟುವುದಿಲ್ಲ. ಆದರೆ ಮಂಚದಷ್ಟು ಜಾಗ ಬೇಡುವ ಅದನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು ಹಳೆ ಕಾರನ್ನು ಸಾಕಿದಂತೆ.

ಹೆಚ್ಚು ಬೇಡಿಕೆಯಿರುವುದು ಮಿಷಿಗನ್ನಿನ ಮರ್ಕ್-ಒ-ಟ್ರಾನಿಕ್‌ನಂಥ, ಕೈಯಲ್ಲೆತ್ತಬಹುದಾದ ಪೆಟ್ಟಿಗೆಗಳಿಗೆ. ಇದರ ಕ್ರಮ ಜಾಣತನದ್ದು. ಗಾಜಿನ ಹಿಂದೆ ನಿಗದಿತ ಸಂದು. ಕಾಯಿಲಿನ ಕರೆಂಟನ್ನು ನಿಧಾನವಾಗಿ ಏರಿಸುತ್ತ ಹೋಗಿ, ಕಿಡಿ ಬಿಡದೆ ಹಾರತೊಡಗಿದಾಗ ಮುಳ್ಳು ಎಷ್ಟು ಆಂಪಿಯರ್ ತೋರಿಸುತ್ತದೆಂದು ನೋಡಬೇಕು. ಪುಸ್ತಕದಲ್ಲಿ ಆ ಕಾಯಿಲಿಗೆ ಬರೆದಿರುವ ಅಂಕಕ್ಕಿಂತ ಹೆಚ್ಚು ಬೇಕಾದರೆ ಕಾಯಿಲ್ ಸೋತಿದೆ ಎಂದರ್ಥ. ಇಲ್ಲಿ ಎರಡು ತೊಡಕು. ಒಂದು, ಪುಸ್ತಕವಿಲ್ಲದ ಯಂತ್ರ ಅರ್ಧ ಯಂತ್ರ. ಅದರ ಪಟ್ಟಿಯಲ್ಲಿ ಅಮೆರಿಕದ ದೋಣಿ ಇಂಜಿನ್ನು, ಹುಲ್ಲು ಕತ್ತರಿಸುವ ಇಂಜಿನ್ನುಗಳು ತುಂಬಿವೆಯೇ ಹೊರತು ಮೈಸೂರಿನ ಜಾವಾ ಬೈಕಿಗೆ ಅಲ್ಲಿ ಜಾಗವಿಲ್ಲ. ಎರಡನೆಯದು ಮತ್ತೆ ಅದೇ ಹಳೆಯ ಕತೆ: ಊಟಿಯಲ್ಲಿ ಆ ಸಂದು ಕಡಿಮೆ ಕರೆಂಟಿಗೇ ಶರಣಾಗುತ್ತದೆ. ಎತ್ತರದ ತಿದ್ದುಪಡಿ ಇಲ್ಲದೆ ಓದಿದರೆ ಎಲ್ಲ ಕಾಯಿಲುಗಳೂ ಪ್ರಥಮ ದರ್ಜೆಯಲ್ಲಿ ಪಾಸು. ಬ್ರಿಟಿಷ್ ಬೆಂಚುಗಳಲ್ಲಿ ಕಾಣುವ ಮೂರು ಮೊನೆಯ ಸಂದು ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಯಾವುದಕ್ಕೂ ಜೋಡಿಸದ ಮೂರನೆಯ ಸೂಜಿಯೊಂದು ಪಕ್ಕದಲ್ಲಿ ನಿಂತು ಗಾಳಿಯನ್ನು ಮೊದಲೇ ಹದಮಾಡುವುದರಿಂದ ಕಿಡಿ ಒಮ್ಮೆ ಹಾರಿ ಒಮ್ಮೆ ಹಾರದೆ ಗೊಂದಲ ಮಾಡುವುದಿಲ್ಲ, ಅಳತೆ ಪ್ರತಿಸಲ ಒಂದೇ ಬರುತ್ತದೆ. ಒಂದೇ ಬರುವುದು ಬೇರೆ, ಸರಿಯಾಗಿ ಬರುವುದು ಬೇರೆ. ಊಟಿಯಲ್ಲಿ ಅದು ಪ್ರತಿಸಲ ಒಂದೇ ತಪ್ಪನ್ನು ಹೇಳುತ್ತದೆ. ಆದರೂ ಮರ್ಕ್-ಒ-ಟ್ರಾನಿಕ್‌ನ ಒಂದು ಪರೀಕ್ಷೆಗೆ ಈ ಸೀಮೆಯಲ್ಲಿ ನಿಜವಾದ ಬೆಲೆಯಿದೆ: ಸೂಜಿಯೊಂದನ್ನು ಕಾಯಿಲಿನ ಮೈಮೇಲೆ ಆಡಿಸಿ, ಎಲ್ಲಿಂದ ಕರೆಂಟು ಸೋರುತ್ತಿದೆ ಎಂದು ಪತ್ತೆಮಾಡುವುದು. ಗೂಡಲೂರು, ದೇವಾಲದ ಮುಂಗಾರಿನಲ್ಲಿ ಬೇಕಲೈಟ್ ಮುಚ್ಚಳದ ಮೇಲಿನ ಕಾಣದ ಬಿರುಕು ಒಣ ಊರಿನವರು ಊಹಿಸಲಾರದಷ್ಟು ಕಾಟ ಕೊಡುತ್ತದೆ.

ಪರೀಕ್ಷಾ ಯಂತ್ರ ಹೇಗಿರಬೇಕು ಎಂಬುದಕ್ಕೆ ನಾನು ಕಂಡ ಅತ್ಯುತ್ತಮ ಮಾದರಿ ಇವೆಲ್ಲಕ್ಕಿಂತ ಹಳೆಯದು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಸಿಲಿಂಡರಿಗೊಂದರಂತೆ ಮರದ ಡಬ್ಬಿಯ ನಾಲ್ಕು ಕಾಯಿಲ್. ಪ್ರತಿಯೊಂದರ ತಲೆಯ ಮೇಲೂ ಝೇಂಕರಿಸುವ ಪಾಯಿಂಟು. ಅವುಗಳ ಪರೀಕ್ಷೆಗೆಂದು ಕೈಯಿಂದ ತಿರುಗಿಸುವ ಯಂತ್ರ ಬಂತು. ಅದರೊಳಗೆ ಇರುವುದು ಕಾರಿನ ಫ್ಲೈವೀಲಿನಲ್ಲಿರುವಂಥದೇ ಕಾಂತಗಳ ಚಕ್ರ, ಮುಂದೆ ಕಿಡಿಯ ಬಳೆ. ಒಂದು ಸುತ್ತಿಗೆ 16 ಕಿಡಿ, ಬಳೆಯ ಸುತ್ತ ಸಮವಾಗಿ ಮೂಡಬೇಕು, ಮುಳ್ಳು 1.3 ಆಂಪಿಯರ್ ತೋರಿಸಬೇಕು. ಬರೀ ಬ್ಯಾಟರಿಗೆ ಜೋಡಿಸಿ ಝೇಂಕಾರ ಕೇಳಿ, ಮೀಟರಿನಲ್ಲಿ 1.3 ಬಂತೆಂದು ಹೊಂದಿಸಿದ ಕಾಯಿಲ್ ಈ ಬಳೆಯಲ್ಲಿ ಒಂದರ ಜಾಗದಲ್ಲಿ ಎರಡು ಕಿಡಿ ಹಾರಿಸುವುದುಂಟು. ಮೀಟರಿಗೆ ಅದು ಕಾಣುವುದೇ ಇಲ್ಲ. ಇಂಜಿನ್ನಿಗೆ ಮಾತ್ರ ಕಿಡಿಯ ಹೊತ್ತು ತಪ್ಪಿರುತ್ತದೆ. ಈ ಯಂತ್ರದ ಮೇಲ್ಮೆ ಅದರ ನಿಖರತೆಯಲ್ಲಿಲ್ಲ. ಕಾಯಿಲಿಗೆ ತನ್ನ ದಿನನಿತ್ಯದ ಕೆಲಸವನ್ನೇ ಕೊಟ್ಟು ನೋಡುವುದರಲ್ಲಿದೆ.

‘ಇಷ್ಟೆಲ್ಲ ಯಾಕೆ, ಮಲ್ಟಿಮೀಟರ್ ಇದೆಯಲ್ಲ’ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಮೀಟರು ಕಾಯಿಲಿನೊಳಗೆ ಕಳಿಸುವುದು ಕೆಲವೇ ವೋಲ್ಟು. ಹದಿನೈದು ಸಾವಿರ ವೋಲ್ಟಿನಲ್ಲಿ ಬಾಯಿಬಿಡುವ ನಿರೋಧದ ಬಿರುಕು ಅದಕ್ಕೆ ಹೇಗೆ ಕಂಡೀತು? ಇಪ್ಪತ್ತು ಸಾವಿರ ಸುತ್ತಿನಲ್ಲಿ ನೂರು ಸುತ್ತು ಒಂದಕ್ಕೊಂದು ಅಂಟಿಕೊಂಡರೆ ಓಮಿನ ಅಂಕ ನೂರಕ್ಕೆ ಒಂದರಷ್ಟೂ ಬದಲಾಗದು, ಆದರೆ ಆ ಅಂಟಿದ ಸುತ್ತುಗಳೇ ಕಿಡಿಯ ಶಕ್ತಿಯನ್ನು ನುಂಗುತ್ತವೆ. ತಂತಿ ಕಡಿದಿದೆಯೇ ಎಂದು ನೋಡಲು ಮಲ್ಟಿಮೀಟರ್ ಸಾಕು, ಅದರಾಚೆಗೆ ಬೇಡ. ಇದಕ್ಕೆ ಹೋಲಿಸಿದರೆ ಶಾಲಾ ಮಕ್ಕಳ ಸೀಸದ ಕಡ್ಡಿಗೇ ಹೆಚ್ಚು ಬುದ್ಧಿ. ಕಿಡಿ ಹಾರುವ ಸಂದಿನಲ್ಲಿ ಪೆನ್ಸಿಲ್ ಮೊನೆ ಇಟ್ಟಾಗ, ಕಿಡಿಯ ಮಿಂಚು ಮೊನೆಯಿಂದ ಪ್ಲಗ್ಗಿನ ಕಡೆಗೆ ಹರಡಿದರೆ ಸರಿ, ವೈರಿನ ಕಡೆಗೆ ಹರಡಿದರೆ ಕಾಯಿಲಿನ ಎರಡು ವೈರು ಅದಲು ಬದಲಾಗಿವೆ ಎಂದರ್ಥ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಅನ್ನು ಮೈಗೆ ಕಟ್ಟುತ್ತಿದ್ದರು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವಾಗ ಬ್ಯಾಟರಿಯನ್ನು ತಿರುಗಿಸಿದವರು ಕಾಯಿಲಿನ ವೈರು ತಿರುಗಿಸುವುದನ್ನು ಮರೆಯುತ್ತಾರೆ. ಆಮೇಲೆ ಪ್ರತಿ ಕಿಡಿಗೂ ಹೆಚ್ಚಿನ ವೋಲ್ಟೇಜು ಬೇಕಾಗಿ, ಒಳ್ಳೆಯ ಕಾಯಿಲ್ ಸುಮ್ಮನೆ ವೀಕೆನಿಸಿಕೊಳ್ಳುತ್ತದೆ.

ಇನ್ನು ನನ್ನ ತೀರ್ಪಿನ ಯಂತ್ರ. ಹಳೆಯ ಗ್ಯಾರೇಜುಗಳ ಮೂಲೆಯಲ್ಲಿ ಮರಳು ಊದಿ ಪ್ಲಗ್ ತೊಳೆಯುವ ಒಂದು ಪೆಟ್ಟಿಗೆ ಇರುತ್ತಿತ್ತು, ಚಾಂಪಿಯನ್ ಹೆಸರಿನದೋ ಇನ್ಯಾವುದೋ. ಅದರ ಪಕ್ಕದಲ್ಲೇ ಪ್ಲಗ್ಗನ್ನು ತಿರುಪಿ ಕೂರಿಸುವ ಸಣ್ಣ ಕೋಣೆ, ನೋಡಲು ಗಾಜು, ಒತ್ತಡದ ಗಡಿಯಾರ, ಕಂಪ್ರೆಸರಿನಿಂದ ಗಾಳಿ ಬರುವ ಕೊಳವೆ. ತೊಳೆದ ಪ್ಲಗ್ಗು ಒತ್ತಿದ ಗಾಳಿಯಲ್ಲಿ ಕಿಡಿ ಕೊಡುತ್ತದೆಯೇ ಎಂದು ನೋಡುವುದಷ್ಟೇ ಅದರ ಉದ್ದೇಶ. ಈಗ ಅದನ್ನು ತಿರುಗಾಮುರುಗಾ ಬಳಸಿ: ಖಚಿತವಾಗಿ ಸರಿಯಿರುವ, 0.6 ಮಿ.ಮೀ. ಸಂದಿನ ಪ್ಲಗ್ಗನ್ನು ಕೋಣೆಯಲ್ಲಿ ಕೂರಿಸಿ, ಪರೀಕ್ಷೆಗಿರುವ ಕಾಯಿಲಿನ ದಪ್ಪ ವೈರನ್ನು ಅದಕ್ಕೆ ಕೊಟ್ಟು, ಗಾಳಿಯನ್ನು ಏರಿಸುತ್ತ ಹೋದರೆ ಅದು ಕಾಯಿಲ್ ಟೆಸ್ಟರಾಯಿತು. ಎತ್ತರದ ಮೋಸವನ್ನು ಇದು ಹೇಗೆ ಕಟ್ಟಿಹಾಕುತ್ತದೆ ನೋಡಿ. ಗಡಿಯಾರದಲ್ಲಿ 7 ಕೆ.ಜಿ. ಒತ್ತಡ ಇಟ್ಟಾಗ ಹೊರಗಿನ ಗಾಳಿಯ ಪಾಲು ಒಟ್ಟಿನಲ್ಲಿ ಬಹಳ ಸಣ್ಣದು. ಊಟಿಗೂ ಕಡಲತೀರಕ್ಕೂ ವ್ಯತ್ಯಾಸ ಬಯಲ ಸಂದಿನಲ್ಲಿ ಶೇಕಡಾ 23ರಷ್ಟಿದ್ದದ್ದು ಇಲ್ಲಿ ಶೇಕಡಾ 3ಕ್ಕೆ ಇಳಿಯುತ್ತದೆ. ಕಲ್ಲಟ್ಟಿಯ ಬುಡವನ್ನು ಬೆಟ್ಟದ ನೆತ್ತಿಗೆ ತಂದಿಟ್ಟಂತೆ! ಇದೂ ಕಾಯಿಲನ್ನು ತಾನಾಗಿ ಬಿಸಿಮಾಡುವುದಿಲ್ಲ ಎಂಬ ಕೊರತೆ ಉಂಟು. ಅದಕ್ಕೆ ಕಾಯಿಲನ್ನು ಇಪ್ಪತ್ತು ನಿಮಿಷ, ಕೈಯಲ್ಲಿ ಹಿಡಿದಿರಲು ಆಗದಷ್ಟು ಕಾಯುವವರೆಗೆ ಕಿಡಿ ಹಾರಿಸುತ್ತ ಬಿಟ್ಟು, ಆಮೇಲೆ ಮತ್ತೊಮ್ಮೆ ಒತ್ತಡ ಏರಿಸಬೇಕು. ತಣ್ಣಗಿದ್ದಾಗ ಎಷ್ಟು ಒತ್ತಡಕ್ಕೆ ಕಿಡಿ ತಪ್ಪಿತು, ಬಿಸಿಯಲ್ಲಿ ಎಷ್ಟಕ್ಕೆ ತಪ್ಪಿತು ಎಂಬ ಎರಡು ಅಂಕಗಳ ಅಂತರವೇ ಕಾಯಿಲಿನ ಜಾತಕ. ಪುಸ್ತಕ ಬೇಕಿಲ್ಲ, ಸರಿಯಿರುವ ಇನ್ನೊಂದು ಕಾಯಿಲನ್ನು ಹೋಲಿಕೆಗೆ ಇಟ್ಟುಕೊಂಡರೆ ಸಾಕು.

ಕಡೆಗೆ ದುಡ್ಡಿನ ಆಕ್ಷೇಪ: ಹೊಸ ಕಾಯಿಲೇ ಅಗ್ಗವಾಗಿ ಸಿಗುವಾಗ ಈ ಪಾಡೇಕೆ? ಅಂಬಾಸಡರಿಗೆ, ಫಿಯೆಟ್ಟಿಗೆ ಈ ಮಾತು ಒಪ್ಪುತ್ತೇನೆ, ಒಂದು ಷರತ್ತಿನೊಡನೆ. ಹೊಸದೆಂದು ಪೆಟ್ಟಿಗೆಯಿಂದ ಬಂದದ್ದೂ ಬಿಸಿಯಲ್ಲಿ ಸೋಲಬಹುದು, ಪರೀಕ್ಷೆ ಅದಕ್ಕೂ ಬೇಕು. ಆದರೆ 1961ರಲ್ಲಿ ಉತ್ಪಾದನೆ ಶುರುಮಾಡಿ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾದ 6 ವೋಲ್ಟಿನ ಬೈಕುಗಳಿಗೆ ಒಳ್ಳೆಯ ಕಾಯಿಲ್ ಕೈಗೆ ಸಿಗುವುದು ಸುಲಭವಲ್ಲ. ಮಸಿನಗುಡಿ ದಾರಿಯಲ್ಲಿ ಮೈಸೂರಿನಿಂದ ಊಟಿಗೆ ಸುಮಾರು 125 ಕಿಲೋಮೀಟರ್. ಜಾವಾ ಹತ್ತಿದವರು ಈ ಘಾಟಿಯ ಆಸೆ ಬಿಟ್ಟಾರೆಯೇ? ಅವರಿಗೆ ಎರಡು ಎಚ್ಚರ. 12 ವೋಲ್ಟಿಗಿಟ್ಟ ಟೆಸ್ಟರಿಗೆ 6 ವೋಲ್ಟಿನ ಕಾಯಿಲ್ ಕೊಟ್ಟರೆ ಪರೀಕ್ಷೆಯೇ ಅದರ ಅಂತ್ಯ. ಅಮೆರಿಕದಿಂದ ಬಂದ, ಗೋಡೆಯ ಪ್ಲಗ್ಗಿಗೆ ಚುಚ್ಚುವ ಟೆಸ್ಟರುಗಳು 110 ವೋಲ್ಟಿಗೆ ಮಾಡಿದಂಥವು. ಲೋಹದ ಮೈ, ಬಿರಿದ ರಬ್ಬರ್ ವೈರು, ಅರ್ಥಿಂಗ್ ಇಲ್ಲ. ಒಳಗೆ ಬಿಚ್ಚಿ ನೋಡದೆ ನಮ್ಮ 230ಕ್ಕೆ ಸಿಕ್ಕಿಸಬಾರದು.

ಬೇಸಿಗೆ ಹಬ್ಬದ ಹೊತ್ತಿಗೆ ಊಟಿಯಲ್ಲಿ ಹಳೆ ಕಾರುಗಳು ಸಾಲುಗಟ್ಟಿ ನಿಂತಾಗ ಬಾನೆಟ್ಟಿನ ಪಕ್ಕ ಒಪ್ಪವಿಟ್ಟ ಟೆಸ್ಟರ್ ಡಬ್ಬಿಯನ್ನೂ ಇಟ್ಟು ಫೋಟೊ ತೆಗೆಸಿಕೊಳ್ಳುವವರಲ್ಲಿ ಒಂದು ಬಿನ್ನಹ. ಡಬ್ಬಿಯ ಮೇಲೊಂದು ಚೀಟಿ ಅಂಟಿಸಿ, ಅದರಲ್ಲಿ ಮೂರು ಅಂಕ ಬರೆಯಿರಿ: ಪರೀಕ್ಷೆ ನಡೆದ ಜಾಗದ ಎತ್ತರ, ಕಾಯಿಲಿನ ಕಾವು, ಸಂದಿನ ಅಳತೆ. ಕೊಳ್ಳುವವರೂ ಅಷ್ಟೆ, ಊಟಿಯಲ್ಲಿ ಪಾಸಾದ ಕಾಯಿಲನ್ನು ಬೆಟ್ಟದ ಬುಡದ ತೆಪ್ಪಕಾಡಿನ ಕಡೆಗೆ ಒಯ್ಯುವ ಮೊದಲು ಆ ಚೀಟಿಯನ್ನು ಕೇಳಿ.